ಲೂಯಿಸ್–ಕ್ಲಾರ್ಕ್ ದಿನಚರಿಗಳು: ಓದುವ ಮುಂಚೆ ಕೇಳುವ ಪ್ರಶ್ನೆಗಳು

ಅಮೆರಿಕದ ಪಶ್ಚಿಮಕ್ಕೆ ಮೊದಮೊದಲು ನಡೆದು, ದೋಣಿ ಎಳೆದು, ಕುದುರೆ ಏರಿ ಹೋದವರ ದಿನಚರಿಗಳನ್ನು ಓದುವ ಚಟ ನನಗೆ ಹತ್ತಿ ಬಹಳ ವರ್ಷವಾಯಿತು. ಯಾರ ಹತ್ತಿರ ಈ ವಿಷಯ ಎತ್ತಿದರೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

ಲೂಯಿಸ್ ಯಾರು, ಕ್ಲಾರ್ಕ್ ಯಾರು? ಯಾಕೆ ಹೊರಟರು?

ಚುಟುಕಾಗಿ ಹೇಳುತ್ತೇನೆ. ಮೆರಿವೆದರ್ ಲೂಯಿಸ್ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಖಾಸಗಿ ಕಾರ್ಯದರ್ಶಿಯಾಗಿದ್ದ. ವಿಲಿಯಂ ಕ್ಲಾರ್ಕ್ ಅವನ ಹಳೆಯ ಸೇನಾ ಸ್ನೇಹಿತ. 1803ರಲ್ಲಿ ಅಮೆರಿಕ ಸರ್ಕಾರ ಫ್ರಾನ್ಸ್‌ನಿಂದ ಲೂಯಿಸಿಯಾನ ಪ್ರದೇಶವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡಿತು. ಮಿಸೌರಿ ನದಿ ಹಿಡಿದು ಮೇಲಕ್ಕೆ ಹೋಗಿ, ಬೆಟ್ಟ ದಾಟಿ, ಪೆಸಿಫಿಕ್ ಸಾಗರ ಮುಟ್ಟುವ ದಾರಿ ಹುಡುಕಿ ಅಂತ ಜೆಫರ್ಸನ್ ಇವರನ್ನು ಕಳಿಸಿದರು. 1804ರ ಮೇ 14ರಂದು ತಂಡ ಹೊರಟಿತು. 1806ರ ಸೆಪ್ಟೆಂಬರ್ 23ರಂದು ಸೇಂಟ್ ಲೂಯಿಸ್ ಊರಿಗೆ ವಾಪಸ್ ಬಂತು. ಹೋಗಿ ಬರುವ ದಾರಿ ಸುಮಾರು 8,000 ಮೈಲಿ.

'ಲೂಯಿಸ್ ಅಂಡ್ ಕ್ಲಾರ್ಕ್ ಜರ್ನಲ್ಸ್' ಅಂದರೆ ಒಂದೇ ಪುಸ್ತಕ ಅಲ್ವಾ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಮೊದಲ ಸಲ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ 'ಮೂಲ ದಿನಚರಿ' ಅಂತ ಹೇಳಿ ಕೊಟ್ಟದ್ದನ್ನು ನಂಬಿ ತಂದೆ. ಅರ್ಧ ಓದಿದ ಮೇಲೆ ಅನುಮಾನ ಬಂತು. ಕಾಡಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಬರೆದವನ ಭಾಷೆ ಇಷ್ಟು ನಯವಾಗಿ ಇರುತ್ತದಾ? ಆಮೇಲೆ ಗೊತ್ತಾಯಿತು, ಅದು ದಿನಚರಿಯೇ ಅಲ್ಲ. ದಿನಚರಿಗಳನ್ನು ಮುಂದಿಟ್ಟುಕೊಂಡು ಫಿಲಡೆಲ್ಫಿಯಾದ ಒಬ್ಬ ವಕೀಲ ಬರೆದ ಕಥನ.

ಇದೇ ಹೆಸರಿನಲ್ಲಿ ಸಿಗುವ ಪುಸ್ತಕಗಳಲ್ಲಿ ಕೆಲವು ಮೂಲ ಕೈಬರಹದ ಅಕ್ಷರಶಃ ಪ್ರತಿ. ಕೆಲವು ತಿದ್ದಿ ತೀಡಿದ ಕಥನ. ಕೆಲವು ಸಂಕ್ಷಿಪ್ತ ಆವೃತ್ತಿ. ಕೈಬರಹಕ್ಕೂ ನೀವು ಓದುವ ಪುಟಕ್ಕೂ ನಡುವೆ ಎಷ್ಟು ಕೈಗಳಿವೆ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ಈ ಪುಟದ ಬಹುಪಾಲು ಆ ಕೈಗಳ ಕಥೆಯೇ.

ಯಾರ್ಯಾರು ಬರೆದರು?

ಲೂಯಿಸ್ ಮತ್ತು ಕ್ಲಾರ್ಕ್ ಬರೆದರು. ಸಾರ್ಜೆಂಟ್‌ಗಳೂ ದಿನಚರಿ ಇಡಬೇಕು ಅಂತ ಆಜ್ಞೆ ಇತ್ತು. ಹಾಗಾಗಿ ಜಾನ್ ಆರ್ಡ್‌ವೇ, ಪ್ಯಾಟ್ರಿಕ್ ಗ್ಯಾಸ್, ಚಾರ್ಲ್ಸ್ ಫ್ಲಾಯ್ಡ್ ಬರೆದರು. ಸಾಮಾನ್ಯ ಸಿಪಾಯಿ ಜೋಸೆಫ್ ವೈಟ್‌ಹೌಸ್ ಕೂಡ ಬರೆದ. ಹೀಗೆ ಆರು ಜನರ ಬರಹ ನಮಗೆ ಸಿಕ್ಕಿದೆ. ರಾಬರ್ಟ್ ಫ್ರೇಜರ್ ಅನ್ನುವ ಸಿಪಾಯಿ ಊರಿಗೆ ಬಂದ ತಿಂಗಳಲ್ಲೇ 'ನನ್ನ ದಿನಚರಿ ಅಚ್ಚಾಗಲಿದೆ' ಅಂತ ಪ್ರಕಟಣೆ ಹೊರಡಿಸಿದ. ಪುಸ್ತಕ ಬರಲೇ ಇಲ್ಲ. ಅವನ ಕೈಬರಹವೂ ಇವತ್ತಿನವರೆಗೆ ಸಿಕ್ಕಿಲ್ಲ.

ಇವರಲ್ಲಿ ಒಂದು ದಿನವೂ ತಪ್ಪಿಸದೆ ಬರೆದವನು ಆರ್ಡ್‌ವೇ. ಯಾರೂ ಅವನ ಹೆಸರು ಎತ್ತುವುದಿಲ್ಲ, ಪಾಪ.

ಫ್ಲಾಯ್ಡ್‌ನದು ತುಂಬ ಚಿಕ್ಕ ದಿನಚರಿ. ಹೊರಟು ಮೂರೇ ತಿಂಗಳಿಗೆ, 1804ರ ಆಗಸ್ಟ್ 20ರಂದು, ಅವನು ತೀರಿಕೊಂಡ. ಅಪೆಂಡಿಕ್ಸ್ ಒಡೆದಿರಬೇಕು ಅಂತ ಈಗಿನ ವೈದ್ಯರ ಊಹೆ. ಇಡೀ ಪ್ರಯಾಣದಲ್ಲಿ ಸತ್ತ ಸದಸ್ಯ ಅವನೊಬ್ಬನೇ. ಕೊನೆಗಳಿಗೆಯಲ್ಲಿ ಅವನು ಕ್ಲಾರ್ಕ್‌ಗೆ ಹೇಳಿದ ಮಾತನ್ನು ಕ್ಲಾರ್ಕ್ ಬರೆದಿಟ್ಟಿದ್ದಾನೆ: 'ನಾನು ಹೊರಟೆ. ನೀವು ನನಗೊಂದು ಕಾಗದ ಬರೆದುಕೊಡಬೇಕು.' ಕಾಗದದಲ್ಲಿ ಏನು ಬರೆಸಬೇಕು ಅಂತಿದ್ದ ಅನ್ನುವುದನ್ನು ಕ್ಲಾರ್ಕ್ ಬರೆದಿಲ್ಲ.

ನದಿಯಲ್ಲಿ ಮುಳುಗಿ, ಮಳೆಯಲ್ಲಿ ನೆಂದು ಹೋದವರ ಪುಸ್ತಕ ಹೇಗೆ ಉಳಿಯಿತು?

ಜೆಫರ್ಸನ್ 1803ರ ಜೂನ್ 20ರಂದು ಲೂಯಿಸ್‌ಗೆ ಕೊಟ್ಟ ಲಿಖಿತ ಸೂಚನೆಯಲ್ಲೇ ಇದಕ್ಕೆ ದಾರಿ ಹೇಳಿದ್ದರು. ಬರೆದದ್ದನ್ನು ಬಿಡುವಿದ್ದಾಗ ಹಲವು ಪ್ರತಿ ಮಾಡಿ, ನಂಬಿಕಸ್ಥರ ಕೈಯಲ್ಲಿ ಬೇರೆಬೇರೆ ಕಡೆ ಇಡಿ ಅಂದರು. ಒಂದು ಪ್ರತಿಯನ್ನು ಬರ್ಚ್ ಮರದ ತೊಗಟೆಯ ಮೇಲೆ ಬರೆದರೆ ಒಳ್ಳೆಯದು, ಅದು ಕಾಗದದಷ್ಟು ಬೇಗ ತೇವಕ್ಕೆ ಕೆಡುವುದಿಲ್ಲ ಅಂತಲೂ ಸೇರಿಸಿದರು. ತೊಗಟೆಯ ಸಲಹೆಯನ್ನು ತಂಡದವರು ಪಾಲಿಸಿದ ಹಾಗೆ ಕಾಣುವುದಿಲ್ಲ.

ಅವರು ಬಳಸಿದ್ದು ಜೇಬಿಗೆ ಹಿಡಿಸುವ ಸಣ್ಣ ನೋಟ್‌ಬುಕ್‌. ಬಹಳಷ್ಟಕ್ಕೆ ಕೆಂಪು ಮೊರೊಕ್ಕೊ ಚರ್ಮದ ಹೊದಿಕೆ. ನಮ್ಮ ವರದಿಗಾರರ ಪ್ಯಾಡಿನ ಹಾಗೆ ಉದ್ದಕ್ಕೆ ತೆರೆದುಕೊಳ್ಳುತ್ತಿದ್ದವು, ಮಂಡಿಯ ಮೇಲಿಟ್ಟು ಬರೆಯಲು ಸಲೀಸು. ಒಂದೊಂದು ಪುಸ್ತಕವನ್ನೂ ಒಂದೊಂದು ತಗಡಿನ ಡಬ್ಬಿಯಲ್ಲಿಟ್ಟು, ನೀರು ಹೋಗದ ಹಾಗೆ ಮುಚ್ಚಿ ಮೆತ್ತಿದ್ದರು ಅಂತ ಜೆಫರ್ಸನ್ ಆಮೇಲೆ ಒಂದು ಪತ್ರದಲ್ಲಿ ನೆನೆದಿದ್ದಾರೆ. ಬೆಟ್ಟ ದಾಟುವಾಗ ಕ್ಲಾರ್ಕ್ ಬಳಸಿದ ಇನ್ನೊಂದು ಪುಸ್ತಕ ಇದೆ. ಬಿಡಿ ಹಾಳೆಗಳನ್ನು ಹೊಲಿದು ಎಲ್ಕ್ ಜಿಂಕೆಯ ಚರ್ಮ ಸುತ್ತಿದ್ದು. 1805ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗಿನ ಬರಹ ಅದರಲ್ಲಿದೆ.

ಅದೃಷ್ಟವೂ ಜೊತೆಗಿತ್ತು. 1805ರ ಮೇ 14ರಂದು ಬಿರುಗಾಳಿಗೆ ಒಂದು ದೋಣಿ ವಾಲಿ ನೀರು ತುಂಬಿತು. ಕಾಗದಪತ್ರ, ಉಪಕರಣ, ಔಷಧಿ ಎಲ್ಲ ಅದರಲ್ಲೇ ಇತ್ತು. ಚುಕ್ಕಾಣಿ ಹಿಡಿದಿದ್ದ, ತಂಡದ ಫ್ರೆಂಚ್ ಮಾತಿನ ದುಭಾಷಿ ಶಾರ್ಬೊನೊ ಗಾಬರಿಯಾಗಿ ದೇವರನ್ನು ಕೂಗುತ್ತಿದ್ದ. ಅವನ ಹೆಂಡತಿ, ಶೊಶೊನಿ ಎಂಬ ಮೂಲನಿವಾಸಿ ಜನರಲ್ಲಿ ಹುಟ್ಟಿದ ಸಕಾಗವೇಯ, ಅದೇ ದೋಣಿಯಲ್ಲಿ ಕೂತು, ತೇಲಿ ಹೋಗುತ್ತಿದ್ದ ಸಾಮಾನನ್ನು ಒಂದೊಂದಾಗಿ ಕೈಚಾಚಿ ಹಿಡಿದುಕೊಂಡಳು. ಆಗ ಅವಳ ಮಗುವಿಗೆ ಮೂರು ತಿಂಗಳು.

ಇಬ್ಬರ ಪುಟಗಳಲ್ಲೂ ಅದೇ ವಾಕ್ಯ ಇದೆ. ಕಾಪಿ ಹೊಡೆದರಾ?

ಹೌದು, ರಾಜಾರೋಷವಾಗಿ. 1805–06ರ ಚಳಿಗಾಲ ಅವರು ಪೆಸಿಫಿಕ್ ತೀರದ ಹತ್ತಿರ ಫೋರ್ಟ್ ಕ್ಲಾಟ್ಸಪ್ ಅನ್ನುವ ಸಣ್ಣ ಮರದ ಕೋಟೆ ಕಟ್ಟಿಕೊಂಡು ಉಳಿದರು. ಹೊರಗೆ ಬಿಡದ ಮಳೆ. ಒಳಗೆ ಲೂಯಿಸ್ ಮರ, ಮೀನು, ಹಕ್ಕಿ, ಜನರ ಉಡುಗೆ ಅಂತ ಪುಟಗಟ್ಟಲೆ ಬರೆದ. ಕ್ಲಾರ್ಕ್ ಅದನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡ. ಒಂದು ಕಳೆದರೆ ಇನ್ನೊಂದು ಇರಲಿ ಅನ್ನುವ ಲೆಕ್ಕ. ಜೆಫರ್ಸನ್ ಹೇಳಿದ್ದೂ ಅದನ್ನೇ.

ಇದರಿಂದ ಓದುಗರಿಗೆ ಒಂದು ತೊಂದರೆ ಇದೆ. ಆ ತಿಂಗಳುಗಳಲ್ಲಿ ಕ್ಲಾರ್ಕ್ 'ನನಗೆ ಹೀಗನ್ನಿಸಿತು' ಅಂತ ಬರೆದಿದ್ದರೆ, ಅನ್ನಿಸಿದ್ದು ಯಾರಿಗೆ ಅಂತ ಒಮ್ಮೆ ಲೂಯಿಸ್‌ನ ಪುಟ ತಿರುವಿ ನೋಡಿ.

ಲೂಯಿಸ್‌ನ ಬರಹದಲ್ಲಿ ತಿಂಗಳುಗಟ್ಟಲೆ ಖಾಲಿ ಇದೆಯಂತೆ. ಕಳೆದುಹೋಯಿತಾ?

ಇದು ಇನ್ನೂ ಬಗೆಹರಿಯದ ವಿಷಯ. 1804ರ ಮೇ ತಿಂಗಳಿಂದ 1805ರ ಏಪ್ರಿಲ್‌ವರೆಗೆ ಅವನ ಬರಹ ಚೂರುಪಾರು ಮಾತ್ರ. 1805ರ ಆಗಸ್ಟ್ 26ರ ನಂತರ ಮತ್ತೆ ಬಹುಮಟ್ಟಿಗೆ ಮೌನ. 1806ರ ಜನವರಿ 1ಕ್ಕೆ ಮತ್ತೆ ಶುರು. ಅಂದರೆ ರಾಕಿ ಬೆಟ್ಟಗಳಲ್ಲಿ ಹಸಿವಿನಿಂದ ಸಾಯುವ ಸ್ಥಿತಿ ಬಂದದ್ದು, ಕೊಲಂಬಿಯಾ ನದಿ ಇಳಿದದ್ದು, ಸಾಗರ ಮುಟ್ಟಿದ್ದು ಇವುಗಳಲ್ಲಿ ಲೂಯಿಸ್‌ನ ದನಿ ಬಹುತೇಕ ಇಲ್ಲ. ಬರೆದದ್ದು ಕಳೆದಿರಬಹುದು ಅಂತ ಕೆಲವರು. ಬರೆಯಲೇ ಇಲ್ಲ ಅಂತ ಕೆಲವರು. ಅವನಿಗೆ ಆಗಾಗ ಮನಸ್ಸು ಕುಗ್ಗುವ ಕಾಯಿಲೆ ಇತ್ತು ಅಂತ ಜೆಫರ್ಸನ್ ಕೂಡ ಬರೆದಿದ್ದಾರೆ.

ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. 1805ರ ಆಗಸ್ಟ್ 18ರಂದು ಅವನಿಗೆ 31 ತುಂಬಿತು. ಆ ದಿನದ ಪುಟ ಓದಿ. ಖಂಡದ ನೆತ್ತಿ ಹತ್ತಿ ನಿಂತವನು, ತಾನು ಇಲ್ಲಿವರೆಗೆ ಮನುಷ್ಯಕುಲಕ್ಕೆ ಹೆಚ್ಚೇನೂ ಮಾಡಿಲ್ಲ, ದಿನಗಳನ್ನು ಸೋಮಾರಿತನದಲ್ಲಿ ಕಳೆದೆ ಅಂತ ಕೊರಗುತ್ತಾನೆ. ಅದಾಗಿ ಒಂದೇ ವಾರಕ್ಕೆ ಮೌನ.

ಕ್ಲಾರ್ಕ್‌ಗೆ ಸ್ಪೆಲ್ಲಿಂಗ್ ಬರುತ್ತಿರಲಿಲ್ವಾ?

ಬರುತ್ತಿರಲಿಲ್ಲ, ಅದರ ಬಗ್ಗೆ ಅವನಿಗೆ ಚಿಂತೆಯೂ ಇರಲಿಲ್ಲ. ಸೂ ಜನರ ಹೆಸರೊಂದನ್ನೇ ಇಪ್ಪತ್ತಕ್ಕೂ ಹೆಚ್ಚು ರೀತಿ ಬರೆದಿದ್ದಾನೆ. ಸೊಳ್ಳೆಯ ಕಥೆಯೂ ಅಷ್ಟೇ: ಪುಟಪುಟಕ್ಕೂ ಸೊಳ್ಳೆ ಕಾಟ, ಪುಟಪುಟಕ್ಕೂ ಬೇರೆ ಸ್ಪೆಲ್ಲಿಂಗ್. 1805ರ ನವೆಂಬರ್ 7ರಂದು ಅವನು ಬರೆದ 'ಓಶನ್ ಇನ್ ವ್ಯೂ! ಓ! ದ ಜಾಯ್' ಅನ್ನುವ ಸಾಲು ಅಮೆರಿಕದ ಮಕ್ಕಳಿಗೂ ಬಾಯಿಪಾಠ. ಅಲ್ಲೂ 'ಓಶನ್' ಪದದಲ್ಲಿ 'ಸಿ' ಆದಮೇಲೆ 'ಇ' ಇರಬೇಕಾದ ಕಡೆ 'ಐ' ಹಾಕಿದ್ದಾನೆ. ಅದಕ್ಕಿಂತ ತಮಾಷೆ ಅಂದರೆ ಅವತ್ತು ಅವನಿಗೆ ಕಂಡದ್ದು ಸಾಗರವೇ ಅಲ್ಲ. ಅದು ಕೊಲಂಬಿಯಾ ನದಿಯ ಅಗಲವಾದ ಅಳಿವೆ. ಸಾಗರ ಇನ್ನೂ ಸುಮಾರು 20 ಮೈಲಿ ದೂರ ಇತ್ತು. ಆಮೇಲೆ ಗಾಳಿಮಳೆ ಅವರನ್ನು ದಡದ ಬಂಡೆಗಳ ನಡುವೆ ದಿನಗಟ್ಟಲೆ ಕೂಡಿಹಾಕಿತು.

ಕೈಬರಹ ಓದುವುದೂ ಸುಲಭ ಅಲ್ಲ. ಲೂಯಿಸ್‌ನ ನಾಯಿಯ ಹೆಸರನ್ನು ವಿದ್ವಾಂಸರು ದಶಕಗಳ ಕಾಲ 'ಸ್ಕ್ಯಾನನ್' ಅಂತ ಓದಿಕೊಂಡು ಬಂದರು. 1980ರ ದಶಕದಲ್ಲಿ ಡೊನಾಲ್ಡ್ ಜಾಕ್ಸನ್ ಎಂಬ ಇತಿಹಾಸಕಾರರಿಗೆ ನಕ್ಷೆಯಲ್ಲಿ 'ಸೀಮನ್ಸ್ ಕ್ರೀಕ್' ಅನ್ನುವ ಹಳ್ಳದ ಹೆಸರು ಕಂಡಿತು. ಈ ಹೆಸರಿನವರು ತಂಡದಲ್ಲಿ ಯಾರೂ ಇಲ್ಲವಲ್ಲ ಅಂತ ಹುಡುಕಿದಾಗ ನಾಯಿಯ ಹೆಸರು 'ಸೀಮನ್' ಅಂತ ಬಯಲಾಯಿತು. ಅಂದರೆ ನಾವಿಕ. ನೀರಿಗೆ ಧುಮುಕುವ ನ್ಯೂಫೌಂಡ್‌ಲ್ಯಾಂಡ್ ತಳಿಯ ನಾಯಿಗೆ ಒಪ್ಪುವ ಹೆಸರು.

ಎಲ್ಲಕ್ಕಿಂತ ಮೊದಲು ಅಚ್ಚಾದದ್ದು ಯಾವುದು?

ಪ್ಯಾಟ್ರಿಕ್ ಗ್ಯಾಸ್‌ನ ದಿನಚರಿ. 1807ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಬಂತು. ಗ್ಯಾಸ್ ಮೂಲತಃ ಬಡಗಿ, ಶಾಲೆಗೆ ಹೋದದ್ದು ತೀರಾ ಕಡಿಮೆ. ಡೇವಿಡ್ ಮೆಕೀಹನ್ ಎಂಬ ಪುಸ್ತಕ ವ್ಯಾಪಾರಿ ಅವನ ಬರಹವನ್ನು ತಿದ್ದಿ ಅಚ್ಚು ಹಾಕಿಸಿದ. ಗ್ಯಾಸ್‌ನ ಮೂಲ ಕೈಬರಹ ಈಗ ಇಲ್ಲ. ಹಾಗಾಗಿ ಅವನ ಪುಸ್ತಕದಲ್ಲಿ ಅವನೆಷ್ಟು, ಮೆಕೀಹನ್ ಎಷ್ಟು ಅಂತ ಬಿಡಿಸಲು ಆಗುವುದಿಲ್ಲ.

ಈ ಪುಸ್ತಕ ಬರುತ್ತದೆ ಅಂತ ಗೊತ್ತಾದಾಗ ಲೂಯಿಸ್‌ಗೆ ಸಿಟ್ಟು ಬಂತು. ಅನುಮತಿಯಿಲ್ಲದ ಪುಸ್ತಕಗಳನ್ನು ನಂಬಬೇಡಿ ಅಂತ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ. ಮೆಕೀಹನ್ ಸುಮ್ಮನಿರುವ ಆಸಾಮಿಯಲ್ಲ. ಸರ್ಕಾರದ ದುಡ್ಡಿನಲ್ಲಿ ಹೋಗಿ ಬಂದು, ಸಂಬಳ, ಭೂಮಿ ಎಲ್ಲ ಪಡೆದು, ಈಗ ಬಡ ಸಿಪಾಯಿಯ ಪುಸ್ತಕಕ್ಕೂ ಕಲ್ಲು ಹಾಕುತ್ತೀರಾ ಅಂತ ಬಹಿರಂಗ ಪತ್ರದಲ್ಲಿ ಚೆನ್ನಾಗಿ ಝಾಡಿಸಿದ. ಪಕ್ಷ ವಹಿಸಬೇಕಾದರೆ ನಾನು ಗ್ಯಾಸ್ ಕಡೆಗೇ.

1810ರಲ್ಲಿ ಫಿಲಡೆಲ್ಫಿಯಾದಲ್ಲಿ ಬಂದ ಗ್ಯಾಸ್‌ನ ಆವೃತ್ತಿಯಲ್ಲಿ ಚಿತ್ರಗಳಿವೆ. ಕರಡಿ ಅಟ್ಟಿಸಿಕೊಂಡು ಬಂದು ಒಬ್ಬ ಮರ ಹತ್ತಿರುವ ಚಿತ್ರವಂತೂ ನೋಡಲೇಬೇಕು. ಕರಡಿಯನ್ನೂ ಕಾಡನ್ನೂ ನೋಡದವರು ಬಿಡಿಸಿದ್ದು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಗ್ಯಾಸ್ 98 ವರ್ಷ ಬದುಕಿ 1870ರಲ್ಲಿ ತೀರಿಕೊಂಡ.

ಅದೇ ಹೊತ್ತಿಗೆ ನಕಲಿ ಪುಸ್ತಕಗಳೂ ಬಂದವು. 1809ರಲ್ಲಿ 'ಲೂಯಿಸ್–ಕ್ಲಾರ್ಕ್ ಪ್ರವಾಸ' ಅಂತ ಹೆಸರಿಟ್ಟು ಬಂದದ್ದು, ಜೆಫರ್ಸನ್ 1806ರಲ್ಲಿ ಸಂಸತ್ತಿಗೆ ಕಳಿಸಿದ ವರದಿಗೆ ಬೇರೆ ಪ್ರವಾಸಿಗಳ ಪುಸ್ತಕದಿಂದ ಕದ್ದ ಪುಟಗಳನ್ನು ಸೇರಿಸಿ ಹೊಲಿದದ್ದು. ಅಸಲಿ ಬರುವ ತನಕ ನಕಲಿಗೆ ಗಿರಾಕಿ ಇದ್ದೇ ಇರುತ್ತಾರಲ್ಲ.

ನಾಯಕರ ಪುಸ್ತಕ ಬರಲು ಎಂಟು ವರ್ಷ ಯಾಕೆ ಬೇಕಾಯಿತು?

ಲೂಯಿಸ್ ಬರೆಯಲಿಲ್ಲ, ಅದಕ್ಕೆ. 1807ರಲ್ಲಿ ಫಿಲಡೆಲ್ಫಿಯಾದ ಪ್ರಕಾಶಕರೊಬ್ಬರ ಜೊತೆ ಮಾತಾಗಿ ಮೂರು ಸಂಪುಟಗಳ ಜಾಹೀರಾತೂ ಬಂತು. ಅದೇ ವರ್ಷ ಅವನನ್ನು ಲೂಯಿಸಿಯಾನ ಪ್ರಾಂತ್ಯದ ಗವರ್ನರ್ ಕೂಡ ಮಾಡಿದ್ದರು. ಆಡಳಿತ ಅವನ ಕೈಗೆ ಹತ್ತಲಿಲ್ಲ. ಕುಡಿತ, ಸಾಲ, ಜಗಳ. ಅವನು ಮಾಡಿದ ಖರ್ಚನ್ನು ಕೊಡುವುದಿಲ್ಲ ಅಂತ ವಾಷಿಂಗ್ಟನ್ ಕೈ ಎತ್ತಿತು. ಪುಸ್ತಕ ಎಲ್ಲಿಗೆ ಬಂತು ಅಂತ ಜೆಫರ್ಸನ್ ಕೇಳುತ್ತಲೇ ಇದ್ದರು. ಉತ್ತರ ಬರಲಿಲ್ಲ.

1809ರಲ್ಲಿ ಲೆಕ್ಕ ಬಗೆಹರಿಸಲು ಲೂಯಿಸ್ ವಾಷಿಂಗ್ಟನ್‌ಗೆ ಹೊರಟ. ದಿನಚರಿಗಳೂ ಪೆಟ್ಟಿಗೆಯಲ್ಲಿದ್ದವು. ಟೆನ್ನೆಸ್ಸಿಯ ಕಾಡುದಾರಿಯಲ್ಲಿ ಗ್ರೈಂಡರ್ಸ್ ಸ್ಟ್ಯಾಂಡ್ ಎಂಬ ತಂಗುಮನೆಯಲ್ಲಿ ರಾತ್ರಿ ಉಳಿದ. ಅಕ್ಟೋಬರ್ 11ರ ಬೆಳಗ್ಗೆ ಗುಂಡೇಟಿನಿಂದ ಸತ್ತ. ವಯಸ್ಸು 35. ಆತ್ಮಹತ್ಯೆ ಅಂತ ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಕ್ಲಾರ್ಕ್, ಜೆಫರ್ಸನ್ ಇಬ್ಬರೂ ಅದನ್ನೇ ನಂಬಿದರು. ಕೊಲೆ ಅನ್ನುವವರೂ ಇವತ್ತಿಗೂ ಇದ್ದಾರೆ.

ಪ್ರಕಾಶಕರನ್ನು ವಿಚಾರಿಸಿದರೆ ಲೂಯಿಸ್ ಒಂದು ಸಾಲನ್ನೂ ಕೊಟ್ಟಿರಲಿಲ್ಲ. ಕ್ಲಾರ್ಕ್‌ಗೆ ತಾನು ಬರೆಯಬಲ್ಲೆ ಅನ್ನುವ ಧೈರ್ಯ ಇರಲಿಲ್ಲ. 1810ರಲ್ಲಿ ನಿಕೊಲಸ್ ಬಿಡಲ್ ಎಂಬ 24ರ ವಕೀಲನನ್ನು ಒಪ್ಪಿಸಿದ. ಮುಂದೆ ದೇಶದ ದೊಡ್ಡ ಬ್ಯಾಂಕಿನ ಅಧ್ಯಕ್ಷನಾಗಿ ಹೆಸರು, ಅಪವಾದ ಎರಡನ್ನೂ ಗಳಿಸಿದ ಬಿಡಲ್ ಇವನೇ. ಅವನು ಕ್ಲಾರ್ಕ್‌ನ ಹತ್ತಿರ ಹೋಗಿ ಕೂತು ಪ್ರಶ್ನೆ ಕೇಳಿ ಟಿಪ್ಪಣಿ ಮಾಡಿಕೊಂಡ. ತಂಡದಲ್ಲಿದ್ದ ಜಾರ್ಜ್ ಶ್ಯಾನನ್ ಕೂಡ ಬಂದು ನೆರವಾದ. ಪುಸ್ತಕ ಮುಗಿಯುವ ಹೊತ್ತಿಗೆ ಪ್ರಕಾಶಕ ದಿವಾಳಿ. ಬೇರೆಯವರು ಸಿಕ್ಕಿ 1814ರಲ್ಲಿ ಎರಡು ಸಂಪುಟ ಹೊರಬಂತು. ಅವರೂ ಮುಳುಗಿದರು.

2,000 ಪ್ರತಿ ಅಚ್ಚಾಗಬೇಕಿತ್ತು. ಸರಿಯಾಗಿ ಕೈಗೆ ಬಂದದ್ದು 1,417. ಮುಖಪುಟದಲ್ಲಿ ಬಿಡಲ್‌ನ ಹೆಸರಿಲ್ಲ. ಕೊನೆಯಲ್ಲಿ ಕರಡು ನೋಡಿಕೊಟ್ಟ ಪಾಲ್ ಆಲನ್ ಹೆಸರಿದೆ. ಕ್ಲಾರ್ಕ್‌ಗೆ ಲಾಭದ ಮಾತಿರಲಿ, ಪುಸ್ತಕ ಬಂದು ಎರಡು ವರ್ಷವಾದರೂ ಒಂದು ಪ್ರತಿ ಕೈಗೆ ಸಿಕ್ಕಿರಲಿಲ್ಲ. ತನ್ನದೇ ಪುಸ್ತಕ!

ಆ ಪುಸ್ತಕದಲ್ಲಿ ಒಂದು ಭಾಗ ಲ್ಯಾಟಿನ್‌ನಲ್ಲಿ ಇದೆಯಂತೆ, ನಿಜನಾ?

ನಿಜ. ಮ್ಯಾಂಡನ್ ಜನರು ಕಾಡೆಮ್ಮೆಗಳನ್ನು ಕರೆಯಲು ಮಾಡುವ ಒಂದು ಆಚರಣೆಯಲ್ಲಿ ಯುವಕರು ತಮ್ಮ ಹೆಂಡತಿಯರನ್ನು ಹಿರಿಯರ ಬಳಿ ಕಳಿಸುತ್ತಿದ್ದರು. 1805ರ ಜನವರಿ 5ರಂದು ಕ್ಲಾರ್ಕ್ ಅದನ್ನು ಮುಚ್ಚುಮರೆಯಿಲ್ಲದೆ ಬರೆದ. ಬಿಡಲ್‌ಗೆ ಅದನ್ನು ಬಿಡಲೂ ಮನಸ್ಸಿಲ್ಲ, ಇಂಗ್ಲಿಷ್‌ನಲ್ಲಿ ಹಾಕಲೂ ಸಂಕೋಚ. ಲ್ಯಾಟಿನ್‌ಗೆ ತಿರುಗಿಸಿ ಹಾಕಿದ. ಓದಿದವರು ಮಾತ್ರ ಓದಲಿ ಅಂತ. ನಮ್ಮಲ್ಲೂ ಹಳೆಯ ಟೀಕಾಕಾರರು ಶೃಂಗಾರ ಜಾಸ್ತಿಯಾದ ಪದ್ಯ ಬಂದಾಗ 'ಸ್ಪಷ್ಟ' ಅಂತ ಬರೆದು ಮುಂದೆ ಹೋಗುತ್ತಿದ್ದರಲ್ಲ, ಹಾಗೆ.

ಅಷ್ಟೊಂದು ಹೊಸ ಪ್ರಾಣಿ, ಗಿಡ ನೋಡಿದರೂ ವಿಜ್ಞಾನದಲ್ಲಿ ಹೆಸರು ಯಾಕೆ ಬೇಗ ಬರಲಿಲ್ಲ?

ಬಿಡಲ್ ಕಥೆಯನ್ನಷ್ಟೇ ಬರೆದ. ವಿಜ್ಞಾನದ ಸಂಪುಟ ಬೆಂಜಮಿನ್ ಸ್ಮಿತ್ ಬಾರ್ಟನ್ ಬರೆಯಬೇಕಿತ್ತು. ಅವರು ಬರೆಯದೆಯೇ 1815ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಒಣಗಿಸಿದ ಗಿಡಗಳಲ್ಲಿ ಕೆಲವನ್ನು ಫ್ರೆಡರಿಕ್ ಪರ್ಶ್ ಲಂಡನ್‌ಗೆ ಒಯ್ದು ತನ್ನ ಪುಸ್ತಕದಲ್ಲಿ ಹೆಸರಿಟ್ಟ. ನ್ಯಾಯವಾಗಿ ಎರಡು ಕುಲಕ್ಕೆ 'ಲೂಯಿಸಿಯ', 'ಕ್ಲಾರ್ಕಿಯ' ಅಂತಲೇ ಹೆಸರಿಟ್ಟ ಅನ್ನಿ. ಗ್ರಿಜ್ಲಿ ಕರಡಿಗೆ 1815ರಲ್ಲಿ ಶಾಸ್ತ್ರೀಯ ಹೆಸರು ಕೊಟ್ಟವರು ಜಾರ್ಜ್ ಆರ್ಡ್. ಅದನ್ನು ಓಡಿಸಿ, ಅದರಿಂದ ಓಡಿದವರು ಇವರು.

ಒಂದು ದಿನದ ಕೆಲಸ ಮಾತ್ರ ಹೇಳಿ ಮುಂದೆ ಹೋಗುತ್ತೇನೆ. 1804ರ ಸೆಪ್ಟೆಂಬರ್ 7. ಪ್ರೇರಿ ಡಾಗ್ ಎನ್ನುವ, ಬಿಲದಲ್ಲಿ ವಾಸಿಸುವ ಅಳಿಲಿನ ಜಾತಿಯ ಪ್ರಾಣಿ ಕಂಡಿತು. ಇಡೀ ತಂಡ ನದಿಯಿಂದ ಪೀಪಾಯಿಗಳಲ್ಲಿ ನೀರು ಹೊತ್ತು ತಂದು ಬಿಲಕ್ಕೆ ಸುರಿಯಿತು. ದಿನವೆಲ್ಲ ಒದ್ದಾಡಿ ಜೀವಂತ ಹಿಡಿದದ್ದು ಒಂದನ್ನು. ಮುಂದಿನ ವರ್ಷ ದೋಣಿಯಲ್ಲಿ ಕಳಿಸಿದ ಒಂದು ಪ್ರೇರಿ ಡಾಗ್ ಬದುಕಿದ್ದ ಹಾಗೆಯೇ ಜೆಫರ್ಸನ್ ಅವರನ್ನು ತಲುಪಿತು.

ಮೂಲ ಕೈಬರಹ ಯಾವಾಗ ಹೊರಬಂತು?

ತುಂಡುತುಂಡಾಗಿ, ನೂರೈವತ್ತು ವರ್ಷದ ಮೇಲೆ ಹಿಡಿಯಿತು. ಕೆಂಪು ಪುಸ್ತಕಗಳು ಫಿಲಡೆಲ್ಫಿಯಾದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯ ಕಪಾಟಿನಲ್ಲಿ ಯಾರೂ ಮುಟ್ಟದೆ ಬಿದ್ದಿದ್ದವು. 1892ರಲ್ಲಿ ಎಲಿಯಟ್ ಕೌಸ್ ಎಂಬ ಸೇನಾ ವೈದ್ಯ, ಪಕ್ಷಿತಜ್ಞ ಅವನ್ನು ಎರವಲು ಪಡೆದ. 1893ರಲ್ಲಿ ಬಿಡಲ್‌ನ ಪುಸ್ತಕವನ್ನೇ ಭರ್ತಿ ಅಡಿಟಿಪ್ಪಣಿ ಹಾಕಿ ನಾಲ್ಕು ಸಂಪುಟ ಮಾಡಿದ. ಟಿಪ್ಪಣಿಗಳು ಸೊಗಸು. ಆದರೆ ಆ ಮನುಷ್ಯ ಮೂಲ ಕೈಬರಹದ ಮೇಲೆಯೇ ಪೆನ್ನಿನಿಂದ ತಿದ್ದಿಬಿಟ್ಟ! ಲೈಬ್ರರಿ ಪುಸ್ತಕದಲ್ಲಿ ಗೀಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದಂತೂ ಅದರ ಅಪ್ಪ.

ಮೂಲವನ್ನು ಇದ್ದ ಹಾಗೇ ಮೊದಲು ಅಚ್ಚು ಹಾಕಿದವರು ರೂಬೆನ್ ಗೋಲ್ಡ್ ಥ್ವೈಟ್ಸ್. 1904–05ರಲ್ಲಿ ಎಂಟು ಸಂಪುಟ. ಫ್ಲಾಯ್ಡ್‌ನ ದಿನಚರಿಯನ್ನು 1893ರಲ್ಲಿ ವಿಸ್ಕಾನ್ಸಿನ್‌ನ ಹಳೇ ಕಾಗದಗಳ ನಡುವೆ ಪತ್ತೆ ಹಚ್ಚಿದ್ದೂ ಅವರೇ. ಆರ್ಡ್‌ವೇಯದು 1913ರಲ್ಲಿ ಬಿಡಲ್ ಮನೆತನದ ಕಾಗದಗಳಲ್ಲಿ ಸಿಕ್ಕಿ 1916ರಲ್ಲಿ ಪುಸ್ತಕವಾಯಿತು. ಅಂದರೆ ಬಿಡಲ್ ವಾಪಸ್ ಕೊಡುವುದನ್ನು ಮರೆತು ನೂರು ವರ್ಷ.

1953ರದ್ದು ಇನ್ನೂ ಮಜಾ. ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ ಒಂದು ಮನೆಯ ಅಟ್ಟದ ಮೇಲೆ, ಹಳೇ ಮೇಜಿನೊಳಗೆ, ಪತ್ರಿಕೆಯಲ್ಲಿ ಸುತ್ತಿಟ್ಟ 67 ಹಾಳೆ ಸಿಕ್ಕಿದವು. ಮೊದಲ ವರ್ಷ ಕ್ಲಾರ್ಕ್ ಸ್ಥಳದಲ್ಲೇ ಗೀಚಿದ ಕಚ್ಚಾ ಟಿಪ್ಪಣಿಗಳು. ಕೂಡಲೇ ಸರ್ಕಾರ ಬಂತು: ಸರ್ಕಾರಿ ಕೆಲಸದಲ್ಲಿ ಬರೆದದ್ದು, ಹಾಗಾಗಿ ನಮ್ಮದು ಅಂತ ಮೊಕದ್ದಮೆ. ಸೋತಿತು. 1958ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಹಾಳೆಗಳು ಈಗ ಯೇಲ್ ವಿಶ್ವವಿದ್ಯಾಲಯದಲ್ಲಿವೆ.

ಈಗ ಓದುವವರು ಯಾವುದನ್ನು ಓದಬೇಕು?

ಗ್ಯಾರಿ ಮೌಲ್ಟನ್ ಸಂಪಾದಿಸಿದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಆವೃತ್ತಿ. 1983ರಿಂದ 2001ರವರೆಗೆ 13 ಸಂಪುಟ. ಸಿಕ್ಕಿರುವ ಆರೂ ಜನರ ಬರಹ ಇದೆ. ನಕ್ಷೆಗಳಿಗೇ ಒಂದು ಸಂಪುಟ, ಒಣಗಿಸಿದ ಗಿಡಗಳಿಗೇ ಒಂದು. ಇಂಟರ್ನೆಟ್‌ನಲ್ಲಿ ಪಠ್ಯ ಉಚಿತ. ತಾರೀಖು ಹಾಕಿದರೆ ಆ ದಿನ ಯಾರ್ಯಾರು ಏನು ಬರೆದರು ಅಂತ ಒಟ್ಟಿಗೆ ಬರುತ್ತದೆ. ದಿನಕ್ಕೊಂದು ತಾರೀಖು ಓದುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಒಂದೇ ಪುಸ್ತಕ ಸಾಕು ಅನ್ನುವವರಿಗೆ 1953ರಲ್ಲಿ ಬರ್ನಾರ್ಡ್ ಡಿವೋಟೊ ಮಾಡಿದ ಸಂಕ್ಷಿಪ್ತ ಆವೃತ್ತಿ ಇದೆ. 2003ರಲ್ಲಿ ಮೌಲ್ಟನ್ ಅವರೇ ಮಾಡಿದ ಒಂದು ಸಂಪುಟವೂ ಇದೆ. ಬಿಡಲ್‌ನ 1814ರ ಪುಸ್ತಕ ಕಥೆಯಾಗಿ ಓದಲು ಚೆನ್ನಾಗಿದೆ, ಸುಳ್ಳಲ್ಲ. ಕ್ಲಾರ್ಕ್ ಬಾಯಿಬಿಟ್ಟು ಹೇಳಿದ ಎಷ್ಟೋ ವಿಷಯ ಅದರಲ್ಲಿ ಮಾತ್ರ ಸಿಗುತ್ತದೆ. ದಿನಚರಿ ಅಂತ ಮಾತ್ರ ಕರೆಯಬೇಡಿ.

ಸಕಾಗವೇಯ ದಾರಿ ತೋರಿಸಿದವಳಾ? ಅವಳ ಹೆಸರು ಹೇಗೆ ಹೇಳಬೇಕು?

ಇಡೀ ದಾರಿ ತೋರಿಸಿದಳು ಅನ್ನುವುದು ಆಮೇಲೆ ಬೆಳೆದ ಕಥೆ. ಅವಳು ಹುಟ್ಟಿದ ಶೊಶೊನಿ ಸೀಮೆಯಲ್ಲಿ, ಬರುವಾಗ ಒಂದು ಕಣಿವೆಯಲ್ಲಿ, ಗುರುತು ಹೇಳಿದ್ದಳು. ಮುಖ್ಯವಾಗಿ ಅವಳು ದುಭಾಷಿ. 1805ರ ಆಗಸ್ಟ್ 17ರಂದು ಶೊಶೊನಿ ಮುಖಂಡನ ಜೊತೆ ಮಾತುಕತೆಗೆ ಕೂತಾಗ, ಆ ಮುಖಂಡ ಕಮೆಯಾವೇಟ್ ತನ್ನ ಅಣ್ಣನೇ ಅಂತ ಅವಳಿಗೆ ಗೊತ್ತಾಯಿತು. ಎದ್ದು ಓಡಿ ತಬ್ಬಿಕೊಂಡು ಅತ್ತಳು. ಮತ್ತೆ ಕೂತು ಅನುವಾದ ಮುಂದುವರಿಸಿದಳು, ನಡುನಡುವೆ ಅಳು ಒತ್ತರಿಸಿ ಬರುತ್ತಿತ್ತು. ಕುದುರೆ ಸಿಕ್ಕಿದ್ದು ಅಲ್ಲಿಂದ.

ಹೆಸರಿನಲ್ಲಿ 'ಗ' ಇದೆ. ಹಿಡಾಟ್ಸಾ ಭಾಷೆಯಲ್ಲಿ 'ಹಕ್ಕಿ ಹೆಣ್ಣು'. 'ಸಕಾಜವೇಯ' ಅಂತ 'ಜ' ನುಸುಳಿದ್ದು 1814ರ ಅಚ್ಚಿನಿಂದ. ಶೊಶೊನಿ ಜನರಲ್ಲಿ 'ಜ' ಉಚ್ಚಾರವನ್ನೂ ಬೇರೆ ಅರ್ಥವನ್ನೂ ಹೇಳುವವರಿದ್ದಾರೆ.

ಅವಳ ಮಾತು ಬರವಣಿಗೆಯಲ್ಲಿ ಉಳಿದದ್ದು ಬೇರೆಯವರ ಬಾಯಿಂದ ಮಾತ್ರ. ಕ್ಲಾರ್ಕ್‌ನ ಗುಲಾಮ ಯಾರ್ಕ್‌ನ ಕಥೆಯೂ ಅದೇ. ಸಾಗರದವರೆಗೆ ಹೋಗಿ ಬಂದ. 1805ರ ನವೆಂಬರ್ 24ರಂದು ಚಳಿಗಾಲ ಎಲ್ಲಿ ಕಳೆಯೋಣ ಅಂತ ಎಲ್ಲರ ಅಭಿಪ್ರಾಯ ಕೇಳಿದಾಗ ಅವನ ಮಾತೂ ಲೆಕ್ಕಕ್ಕೆ ಬಂತು. ಊರಿಗೆ ಬಂದ ಮೇಲೆ ಬಿಡುಗಡೆ ಮಾಡಿ ಅಂತ ಕೇಳಿದರೆ ಕ್ಲಾರ್ಕ್ ವರ್ಷಗಟ್ಟಲೆ ಒಪ್ಪಲಿಲ್ಲ. ಬಿಡಲ್‌ನ ಪುಸ್ತಕ ಓದಿ ಕ್ಲಾರ್ಕ್‌ನನ್ನು ಮೆಚ್ಚಿಕೊಂಡವರು ಅವನು ತನ್ನ ಅಣ್ಣನಿಗೆ ಬರೆದ ಪತ್ರಗಳನ್ನೂ ಓದಬೇಕು.

ಮೂಲನಿವಾಸಿಗಳ ಬಗ್ಗೆ ಬರೆದದ್ದನ್ನು ನಂಬಬಹುದಾ?

ಕಣ್ಣಿಗೆ ಕಂಡದ್ದನ್ನು ನಂಬಬಹುದು: ಮನೆ ಎಷ್ಟು ಅಗಲ, ದೋಣಿ ಹೇಗೆ ಕೊರೆಯುತ್ತಾರೆ, ಬೇರನ್ನು ಹೇಗೆ ಸುಡುತ್ತಾರೆ. ಅರ್ಥ ಹೇಳಲು ಹೋದಾಗ ಹುಷಾರು. ಮಾತು ಎಷ್ಟು ಬಾಯಿ ದಾಟಿ ಬರುತ್ತಿತ್ತು ನೋಡಿ. ಶೊಶೊನಿಯಿಂದ ಹಿಡಾಟ್ಸಾ, ಅಲ್ಲಿಂದ ಫ್ರೆಂಚ್, ಅಲ್ಲಿಂದ ಇಂಗ್ಲಿಷ್. ಜೊತೆಗೆ, ಇವರು 'ಕಂಡುಹಿಡಿದ' ದಾರಿಯಲ್ಲಿ ಆಗಲೇ ಜನ ಓಡಾಡುತ್ತಿದ್ದರು. ಬೆಟ್ಟ ದಾಟುವಾಗ ದಾರಿ ತೋರಿಸಿದವನು ಶೊಶೊನಿಯ ಮುದುಕ. ಅವನನ್ನು ಇವರು 'ಓಲ್ಡ್ ಟೋಬಿ' ಅಂತ ಕರೆದರು.

ನೆಜ್ ಪರ್ಸ್ ಜನರ ಬಾಯಿಮಾತಿನ ಚರಿತ್ರೆಯಲ್ಲಿ ಈ ಪುಟಗಳಲ್ಲಿಲ್ಲದ ಒಂದು ಸಂಗತಿ ಇದೆ. ಹಸಿದು ಬಂದ ಈ ಅಪರಿಚಿತರನ್ನು ಏನು ಮಾಡೋಣ ಅಂತ ಚರ್ಚೆ ನಡೆದಾಗ ವಾಟ್ಕುವೀಸ್ ಎಂಬ ಹೆಂಗಸು, 'ಇಂಥವರು ನನಗೆ ಒಳ್ಳೆಯದು ಮಾಡಿದ್ದಾರೆ, ಇವರಿಗೆ ಕೇಡು ಮಾಡಬೇಡಿ' ಅಂದಳಂತೆ. ಅತ್ತ ಲೂಯಿಸ್–ಕ್ಲಾರ್ಕ್ ಬೇರು, ಮೀನು ಅತಿಯಾಗಿ ತಿಂದು ಹೊಟ್ಟೆ ಕೆಟ್ಟ ಬಗ್ಗೆ ಬರೆಯುತ್ತಿದ್ದರು. ತಮ್ಮ ಜೀವ ಯಾರ ಮಾತಿನ ಮೇಲೆ ನಿಂತಿತ್ತು ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಇವರಷ್ಟೇನಾ? ಬೇರೆಯವರ ದಿನಚರಿ ಇಲ್ವಾ?

ಬೇಕಾದಷ್ಟಿವೆ. ಇವರಿಗಿಂತ ಮೊದಲೇ, 1793ರಲ್ಲಿ, ಅಲೆಕ್ಸಾಂಡರ್ ಮೆಕೆಂಜಿ ಕೆನಡಾದ ಕಡೆಯಿಂದ ಪೆಸಿಫಿಕ್ ಮುಟ್ಟಿದ್ದ. ಒಂದು ಬಂಡೆಯ ಮೇಲೆ ಕೆಂಪು ಬಣ್ಣಕ್ಕೆ ಕೊಬ್ಬು ಕಲಸಿ 'ಕೆನಡಾದಿಂದ, ನೆಲದ ದಾರಿಯಲ್ಲಿ' ಅಂತ ಬರೆದ. 1801ರಲ್ಲಿ ಲಂಡನ್‌ನಲ್ಲಿ ಬಂದ ಅವನ ಪುಸ್ತಕ ಓದಿಯೇ ಜೆಫರ್ಸನ್ ಅವರಿಗೆ ಚುರುಕು ಮುಟ್ಟಿದ್ದು.

ಜೆಬ್ಯುಲನ್ ಪೈಕ್‌ನದು 1810ರಲ್ಲೇ ಬಂತು, ಲೂಯಿಸ್–ಕ್ಲಾರ್ಕ್ ಕಥನಕ್ಕಿಂತ ಮೊದಲು. 1807ರಲ್ಲಿ ಸ್ಪೇನಿನವರು ಅವನನ್ನು ಹಿಡಿದು ಕಾಗದಪತ್ರ ಕಿತ್ತುಕೊಂಡರು. ಆಮೇಲೆ ಬರೆದ ಟಿಪ್ಪಣಿಗಳನ್ನು ಸಿಪಾಯಿಗಳ ಕೋವಿಯ ನಳಿಗೆಯಲ್ಲಿ ತುರುಕಿ ತಂದ. ಸ್ಟೀಫನ್ ಲಾಂಗ್‌ನ 1819–20ರ ಪ್ರವಾಸದ ಕಥನ ಎಡ್ವಿನ್ ಜೇಮ್ಸ್ ಬರೆದದ್ದು. ಈಗ ಗೋಧಿ ಬೆಳೆಯುವ ಬಯಲಿಗೆ ನಕ್ಷೆಯಲ್ಲಿ 'ದೊಡ್ಡ ಮರುಭೂಮಿ' ಅಂತ ಹೆಸರು ಅಂಟಿಸಿದ ಕೀರ್ತಿ ಆ ತಂಡದ್ದು.

ನಮ್ಮ ಕಡೆಗೂ ಇದಕ್ಕೂ ಏನಾದರೂ ನಂಟು ಇದೆಯಾ?

ನೇರ ನಂಟಿಲ್ಲ. ಆದರೆ ಅದೇ ಕಾಲ, ಅದೇ ಬಗೆಯ ಕೆಲಸ ನಮ್ಮಲ್ಲೂ ನಡೆಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ, ಕೈಗೆ ಬಂದ ನಾಡಿನಲ್ಲಿ ಏನೇನಿದೆ ನೋಡಿ ಬಾ ಅಂತ ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್‌ನನ್ನು ಕಳಿಸಿದ. ಅವನು 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ. ಅವನ ದಿನಚರಿ ಮೂರು ಸಂಪುಟವಾಗಿ ಲಂಡನ್‌ನಲ್ಲಿ 1807ರಲ್ಲಿ ಬಂತು. ಗ್ಯಾಸ್‌ನ ಪುಸ್ತಕ ಬಂದ ವರ್ಷವೇ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಬಲು ರುಚಿ. ಇಲ್ಲಿ ರಾಗಿ, ಅಡಿಕೆ, ಕೆರೆ, ಕಂದಾಯ. ಅಲ್ಲಿ ಕರಡಿ, ಕಾಡೆಮ್ಮೆ, ಪ್ರವಾಹ. ಹಿಂದಿನ ಉದ್ದೇಶ ಒಂದೇ: ಈ ನೆಲದಿಂದ ನಮಗೆ ಏನು ಸಿಗುತ್ತದೆ?

ಇನ್ನೊಂದು ಸ್ವಾರಸ್ಯ. ಮೈಸೂರು ಸೀಮೆಯನ್ನು ಅಳೆದು, ಕೈಫಿಯತ್ತುಗಳನ್ನು ಕೂಡಿಸಿದ ಕಾಲಿನ್ ಮೆಕೆಂಜಿ ಹೆಸರು ನಮ್ಮ ಇತಿಹಾಸ ಓದಿದವರಿಗೆಲ್ಲ ಗೊತ್ತು. ಅವನೂ ಕೆನಡಾ ದಾಟಿದ ಅಲೆಕ್ಸಾಂಡರ್ ಮೆಕೆಂಜಿಯೂ ಹುಟ್ಟಿದ್ದು ಸ್ಕಾಟ್ಲೆಂಡಿನ ಒಂದೇ ಊರಿನಲ್ಲಿ, ಸ್ಟೋರ್ನೊವೇಯಲ್ಲಿ. ಆ ಊರಿರುವ ದ್ವೀಪದ ಹೆಸರು? ಲೂಯಿಸ್!

ಮಕ್ಕಳ ಮನೆಗೆ ಅಮೆರಿಕಕ್ಕೆ ಹೋಗುತ್ತಿದ್ದೇವೆ. ಏನಾದರೂ ನೋಡಬಹುದಾ?

ಒಂದೇ ಜಾಗ ಅಂದರೆ ಮೊಂಟಾನಾದ ಬಿಲ್ಲಿಂಗ್ಸ್ ಹತ್ತಿರದ ಪಾಂಪಿಸ್ ಪಿಲ್ಲರ್. ದೊಡ್ಡ ಬಂಡೆ. ಸಕಾಗವೇಯಳ ಮಗನನ್ನು ಕ್ಲಾರ್ಕ್ ಮುದ್ದಿಗೆ 'ಪಾಂಪ್' ಅನ್ನುತ್ತಿದ್ದ, ಅವನ ಹೆಸರಿನದು. 1806ರ ಜುಲೈ 25ರಂದು ಕ್ಲಾರ್ಕ್ ಕೆತ್ತಿದ ಸಹಿ ಗಾಜಿನ ಹಿಂದೆ ಈಗಲೂ ಇದೆ. ಇಡೀ ದಾರಿಯಲ್ಲಿ ಕಣ್ಣಿಗೆ ಕಾಣುವ ಹಾಗೆ ಅವರದೇ ಕೈಯ ಗುರುತು ಉಳಿದದ್ದು ಬಲು ಕಡಿಮೆ. ಒರೆಗಾನ್‌ನ ಅಸ್ಟೋರಿಯಾ ಬಳಿ ಫೋರ್ಟ್ ಕ್ಲಾಟ್ಸಪ್‌ನ ಮಾದರಿ ಇದೆ. ಅಯೋವಾದ ಸೂ ಸಿಟಿಯಲ್ಲಿ ಫ್ಲಾಯ್ಡ್‌ಗೆ 100 ಅಡಿಯ ಸ್ತಂಭ. ಎಲ್ಕ್ ಚರ್ಮದ ಪುಸ್ತಕ ಸೇಂಟ್ ಲೂಯಿಸ್‌ನ ಮಿಸೌರಿ ಹಿಸ್ಟಾರಿಕಲ್ ಸೊಸೈಟಿಯದು. ಮೂಲ ಪ್ರತಿಗಳನ್ನು ಎಲ್ಲ ಕಾಲದಲ್ಲೂ ಹೊರಗೆ ಇಡುವುದಿಲ್ಲ, ಕೇಳಿಕೊಂಡು ಹೋಗಿ.

ಅಷ್ಟೆಲ್ಲ ಓದಲು ಪುರುಸೊತ್ತಿಲ್ಲ. ಒಂದೇ ಒಂದು ದಿನ ಹೇಳಿ.

1806ರ ಆಗಸ್ಟ್ 12, ಲೂಯಿಸ್‌ನ ಪುಟ.

ಹಿಂದಿನ ದಿನ ಅವನು ಕ್ರುಜಾಟ್ ಎಂಬುವನ ಜೊತೆ ಎಲ್ಕ್ ಬೇಟೆಗೆ ಹೋಗಿದ್ದ. ಕ್ರುಜಾಟ್ ಒಳ್ಳೆಯ ದೋಣಿಗಾರ, ಪಿಟೀಲು ಬಾರಿಸುವವನು. ಒಂದು ಕಣ್ಣು ಇಲ್ಲ, ಇನ್ನೊಂದು ಮಂಜು. ಕಂದು ಚರ್ಮದ ಬಟ್ಟೆ ತೊಟ್ಟ ಲೂಯಿಸ್‌ನನ್ನೇ ಎಲ್ಕ್ ಅಂದುಕೊಂಡು ಗುಂಡು ಹಾರಿಸಿದ. ಗುಂಡು ಅಂಡಿನ ಹತ್ತಿರ ಹೊಕ್ಕು ಹೊರಗೆ ಬಂತು. ಕೂರಲು ಆಗದು, ಬೋರಲು ಮಲಗಬೇಕು.

ಮರುದಿನ ಕ್ಲಾರ್ಕ್‌ನ ಗುಂಪು ಸಿಕ್ಕಿತು. ಲೂಯಿಸ್ ಬರೆಯುತ್ತಾನೆ: ಈಗಿನ ಸ್ಥಿತಿಯಲ್ಲಿ ಬರೆಯುವುದು ಬಹಳ ನೋವು, ವಾಸಿಯಾಗುವ ತನಕ ನಿಲ್ಲಿಸುತ್ತೇನೆ, ಮುಂದಿನದು ನನ್ನ ಸ್ನೇಹಿತ ಕ್ಯಾಪ್ಟನ್ ಕ್ಲಾರ್ಕ್‌ಗೆ ಬಿಟ್ಟದ್ದು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ಉಸಿರಿನಲ್ಲಿ, ಒಂದು ವಿಚಿತ್ರ ಚೆರ್ರಿ ಗಿಡದ ಬಗ್ಗೆ ಮಾತ್ರ ಹೇಳಲೇಬೇಕು ಅನ್ನುತ್ತಾನೆ. ಬೋರಲು ಮಲಗಿಕೊಂಡು, ಎಲೆಯ ಅಂಚು ಹೇಗಿದೆ, ತೊಟ್ಟು ಹೇಗಿದೆ, ಹಣ್ಣು ಯಾವ ಬಣ್ಣ ಅಂತ ಒಂದೊಂದಾಗಿ ಬರೆಯುತ್ತಾನೆ. ಅವನ ದಿನಚರಿಯ ಕೊನೆಯ ಸಾಲುಗಳು ಆ ಗಿಡದ ಮೇಲಿವೆ.